ದುಗ್ಗ ಬಿದ್ದಷ್ಟು ಹಿಮ

ಬಹಳ ಹಿಂದೆ, ಮೋಡಗಳೂ ಏದುಸಿರು ಬಿಡುತ್ತ ಹತ್ತಬೇಕಾದಷ್ಟು ಎತ್ತರದಲ್ಲಿ, ತುಂಬೆಗಿರಿ ಎಂಬ ರಾಜ್ಯವಿತ್ತು. ಅಲ್ಲಿ ತುಂಬೆ ಹೂವಿನಷ್ಟು ಬೆಳ್ಳಗಿನ ಒಂದು ಬೆಟ್ಟ. ಬೆಟ್ಟದ ಹಿಮ ಕರಗಿದರೆ ಊರಿಗೆ ನೀರು. ಆ ಬೆಟ್ಟಕ್ಕೊಂದು ಕಟ್ಟಳೆಯಿತ್ತು. ಹನ್ನೆರಡು ತಿಂಗಳೂ ಊರವರು ಯಾರಾದರೂ ಹತ್ತಿ, ಹಿಮದ ಮೇಲೆ ಕಾಲಿಗೆ ಕಟ್ಟುವ ಜಾರುಹಲಗೆಯ ಗೀಟು ಎಳೆಯಬೇಕು. ಒಂದೇ ಒಂದು ತಿಂಗಳು ಗೀಟು ಬೀಳದಿದ್ದರೂ ಬೆಟ್ಟ ಊರನ್ನು ಮರೆತುಬಿಡುತ್ತದೆ. ಮರೆತ ಬೆಟ್ಟ ಕೇಳಿದವರ ಪಾಲು.

ಹಳಬರಿಗೆ ಮೊಣಕಾಲು ನೋವು, ಉಳಿದವರಿಗೆ ಪುರುಸೊತ್ತಿಲ್ಲ. ಹತ್ತುತ್ತಿದ್ದವರು ಮೂವರು ಗೆಳೆಯರು ಮಾತ್ರ. ಸಂಪಿ ಬಡಗಿಯ ಮಗಳು, ಹಲಗೆ ಕೆತ್ತುವವಳು. ದುಗ್ಗ ಆಡು ಕಾಯುವವನು. ಹಲಗೆಯ ಅಡಿಗೆ ಕಟ್ಟುವ ಆಡಿನ ತೊಗಲಪಟ್ಟಿ ಅವನದು. ಅದರ ಕೂದಲು ಒಂದೇ ಕಡೆ ಒರಗಿರುತ್ತದೆ. ಮುಂದಕ್ಕೆ ಜಾರಲು ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಅದನ್ನು ಕಟ್ಟಿಕೊಂಡು ಏರುವುದು, ನೆತ್ತಿಯಲ್ಲಿ ಬಿಚ್ಚಿ ಜಾರುವುದು. ಮೂರನೆಯವಳು ರಾಜಕುಮಾರಿ ಪದ್ಮಲೆ. ಅರಮನೆಯ ಚಕ್ಕುಲಿ ಅವಳ ಜವಾಬ್ದಾರಿ.

ಸಂಪಿ ಊರೊಳಗೆ ನಾಲ್ಕು ಜನರೆದುರು ಬಾಯಿ ಬಿಡಲಾರಳು. ಯಾರಾದರೂ ಮಾತಾಡಿಸಿದರೆ ಕಾಲ ಹೆಬ್ಬೆರಳು ನೋಡುತ್ತಾಳೆ. ಬೆಟ್ಟದ ಮೇಲೆ ಮಾತ್ರ ಅವಳಿಗೆ ನಗು ಬರುತ್ತಿತ್ತು, ಮಾತು ಬರುತ್ತಿತ್ತು. ಬೆಟ್ಟ ಹೋದರೆ ಊರಿಗೆ ನೀರು ಹೋಗುತ್ತದೆ, ನಿಜ. ಸಂಪಿಗೆ ದನಿಯೇ ಹೋಗುತ್ತದೆ.

ಗೆಳೆಯರಲ್ಲೊಂದು ವಾಡಿಕೆಯಿತ್ತು. ಇಳಿಯುವಾಗ ಯಾರು ಮೊದಲು ಬೀಳುತ್ತಾರೋ ಅವರು ಒಂದು ಬುಟ್ಟಿ ಹಿಮ ಹೊತ್ತು ತಂದು ಸಂಪಿಯ ಅಜ್ಜಿಯ ಹಿತ್ತಲ ಕುಣಿಗೆ ಹಾಕಬೇಕು. ಅಜ್ಜಿ ಅದರ ಮೇಲೆ ಭತ್ತದ ಹೊಟ್ಟು ಮುಚ್ಚಿ ಬೇಸಿಗೆಯ ಪಾನಕಕ್ಕೆ ಕಾಪಿಡುತ್ತಿದ್ದಳು. ಬೀಳುತ್ತಿದ್ದವನು ಯಾವಾಗಲೂ ದುಗ್ಗನೇ.

"ನೀನು ಹೀಗೇ ಬೀಳ್ತಾ ಇರಪ್ಪ," ಎನ್ನುತ್ತಿದ್ದಳು ಅಜ್ಜಿ, "ನನ್ನ ಪಾನಕಕ್ಕೆ ಬರಗಾಲ ಇಲ್ಲ."

ಒಂದು ಕಾರ್ತಿಕದಲ್ಲಿ ಬೂದಿಕಂಠ ಎಂಬ ಮಾಂತ್ರಿಕ ಅರಮನೆಗೆ ಬಂದ. ಅವನು ಉಸಿರಾಡಿದರೆ ಬೂದಿ ಉದುರುತ್ತಿತ್ತು. ಬೆಟ್ಟ ನನಗೆ ಬೇಕು, ಒಂದು ವರ್ಷದೊಳಗೆ ಪಡೆಯುತ್ತೇನೆ, ಪಡೆಯದಿದ್ದರೆ ನನ್ನ ದಂಡ ಮುರಿಯಲಿ ಎಂದು ಶಪಥ ಮಾಡಿದ. ರಾಜ ಚಂದ್ರಶೀಲ ಒಳ್ಳೆಯವನು, ಆದರೆ ಪುಕ್ಕಲ. ಅಂದೇ ಡಂಗುರ ಹೊಡೆಸಿದ: ಇನ್ನು ಒಂದು ವರ್ಷ ಯಾರೂ ಬೆಟ್ಟ ಹತ್ತಕೂಡದು.

ಜನ ಬಾಗಿಲು ಹಾಕಿಕೊಂಡರು. ಡಂಗುರದ ಸದ್ದು ಅಡಗುವ ಮೊದಲೇ ಮೂವರೂ ತೊಗಲಪಟ್ಟಿ ಬಿಗಿಯುತ್ತಿದ್ದರು.

"ನಿಮ್ಮಪ್ಪಾಜಿ ಬೇಡ ಅಂದಿದ್ದಾರೆ, ಅಮ್ಮಣ್ಣಿ," ಎಂದ ದುಗ್ಗ.

"ಹೌದು. ಕೇಳಿಸ್ತು," ಎಂದು ಪದ್ಮಲೆ ಹಲಗೆ ಮೆಟ್ಟಿದಳು.

ಕಾರ್ತಿಕದ ಗೀಟು ಬಿತ್ತು. ಮಾರ್ಗಶಿರದ್ದೂ ಬಿತ್ತು. ಮಗಳ ಹಲಗೆಗಳು ಗೋಡೆಯ ಮೇಲಿಲ್ಲದ್ದನ್ನು ರಾಜ ನೋಡಿಯೂ ನೋಡದವನಂತಿದ್ದ. ಬೂದಿಕಂಠ ಹಲ್ಲು ಕಡಿದ.

ಪುಷ್ಯದಲ್ಲಿ ಅವನು ಬೆಟ್ಟದ ಎದೆಯೊಳಗೆ ಒಂದು ಹಿಮಗೂಳಿಯನ್ನು ಮಲಗಿಸಿದ. ಮೇಲೆ ಭಾರ ಹೆಚ್ಚಾದರೆ ಅದು ಎದ್ದು ಇಡೀ ಇಳಿಜಾರನ್ನು ಕೊಂಬಿನಲ್ಲಿ ಕಿತ್ತೊಗೆಯುತ್ತದೆ. ಹಿಮ ಮೆಲ್ಲಗೆ ಉಬ್ಬಿ ಇಳಿಯುವುದನ್ನು ಸಂಪಿ ಕಂಡಳು. ಬೆಟ್ಟ ಉಸಿರಾಡುವುದಿಲ್ಲ, ಕೆಳಗೆ ಬೇರೇನೋ ಇದೆ ಎಂದಳು. ಒಬ್ಬೊಬ್ಬರಾಗಿ ದಾಟಿದರು. ಒಬ್ಬರು ನಡೆದರೆ ಇಬ್ಬರು ಉಸಿರು ಬಿಗಿಹಿಡಿದು ಕಾದರು. ಗೂಳಿ ಕಿವಿಯಾಡಿಸಿತು, ಏಳಲಿಲ್ಲ. ನೆತ್ತಿಯಿಂದ ಬೇರೆ ಮಗ್ಗುಲಲ್ಲಿ ಇಳಿದರು. ಗೆದ್ದ ಖುಷಿಯಲ್ಲಿ ದುಗ್ಗ ಬಿದ್ದ. ಒಂದು ಬುಟ್ಟಿ.

ಆಷಾಢದಲ್ಲಿ ಬೂದಿಕಂಠ ಕಣ್ಣುಕಟ್ಟು ಮಂಜು ಕವಿಸಿದ. ಏರು ಇಳಿಜಾರಿನಂತೆ ಕಂಡಿತು, ಪ್ರಪಾತ ಏರಿನಂತೆ ಕಂಡಿತು. ಪದ್ಮಲೆ ಆಗಲೇ ಪ್ರಪಾತದ ಕಡೆ ಹೆಜ್ಜೆ ಇಟ್ಟಿದ್ದಳು. ಸಂಪಿ ಅವಳ ಸೆರಗು ಹಿಡಿದೆಳೆದಳು.

"ಎಲ್ಲರೂ ಕಣ್ಣು ಮುಚ್ಕೊಳ್ಳಿ," ಎಂದಳು. "ಹಲಗೆ ತಾನಾಗಿ ಮುಂದಕ್ಕೆ ಓಡಿದರೆ ಅದು ಇಳಿಜಾರು. ಕೂದಲು ಕಚ್ಚಿ ಹಿಡಿದರೆ ಅದು ಏರು. ಕಣ್ಣಿಗೆ ಮಂತ್ರ ಹಾಕಬಹುದು, ಆಡಿನ ಕೂದಲಿಗೆ ಹಾಕೋಕಾಗಲ್ಲ."

"ನಮ್ಮ ಗೌರಿಯ ಕೂದಲು," ಎಂದು ದುಗ್ಗ ಕಣ್ಣು ಮುಚ್ಚಿಕೊಂಡೇ ಜಂಬ ಕೊಚ್ಚಿಕೊಂಡ. "ಬದುಕಿದ್ದಾಗಲೂ ಯಾರ ಮಾತೂ ಕೇಳಿದವಳಲ್ಲ."

ಕಾಲಿನಿಂದ ತಡವುತ್ತ ನೆತ್ತಿ ಮುಟ್ಟಿದರು. ಗೀಟು ಬಿತ್ತು, ದುಗ್ಗನೂ ಬಿದ್ದ. ಇನ್ನೊಂದು ಬುಟ್ಟಿ.

ಹೀಗೆ ಭಾದ್ರಪದದ ತನಕ ಹನ್ನೊಂದು ಗೀಟುಗಳಾದವು. ಆಶ್ವಯುಜದಲ್ಲಿ ಹಿಮ ಮೊದಲೇ ತೆಳು. ಬೂದಿಕಂಠ ನೆತ್ತಿಯ ಮೇಲೆ ನಿಂತು ಕಮ್ಮಾರನ ತಿದಿಯಂತೆ ಉಸಿರು ಬಿಟ್ಟ. ಬೂದಿ ಬಿದ್ದ ಹಿಮ ಬಿಸಿಲನ್ನೆಲ್ಲ ಕುಡಿದು ಕರಗಿತು. ಬೆಟ್ಟ ಬೋಳಾಯಿತು, ಸುಟ್ಟ ಬಾಣಲೆಯಷ್ಟು ಕಪ್ಪಾಯಿತು. ಮೂವರೂ ಸಂದುಗೊಂದನ್ನೆಲ್ಲ ಹುಡುಕಿದರು. ಬೊಗಸೆ ಹಿಮವೂ ಸಿಗಲಿಲ್ಲ.

ತಿಂಗಳ ಕೊನೆಯ ದಿನ ಬಂತು. ಸೂರ್ಯ ಮುಳುಗಿದರೆ ಬೆಟ್ಟ ಬೂದಿಕಂಠನದು. ಮೂವರೂ ಅಜ್ಜಿಯ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅಜ್ಜಿ ಪಾನಕ ತಂದಿಟ್ಟಳು. ಲೋಟದಲ್ಲಿ ಒಂದು ಬಿಳಿ ಚೂರು ತೇಲುತ್ತಿತ್ತು.

ಸಂಪಿ ಅದನ್ನೇ ನೋಡಿದಳು. ಆಮೇಲೆ ದುಗ್ಗನನ್ನು ನೋಡಿದಳು.

"ಈ ವರ್ಷ ನೀನು ಎಷ್ಟು ಸಲ ಬಿದ್ದೆಯೋ?"

"ಈಗ ಅದನ್ನ ಎತ್ತಿ ಆಡಬೇಕಾ?" ಎಂದ ದುಗ್ಗ ನೊಂದು. ಅಷ್ಟರಲ್ಲಿ ಅವನಿಗೂ ಹೊಳೆಯಿತು.

ಮೂವರೂ ಹಿತ್ತಲಿಗೆ ಓಡಿದರು. ಹೊಟ್ಟು ಸರಿಸಿದರೆ, ಕುಣಿಯ ತುಂಬ ದುಗ್ಗ ಬಿದ್ದಷ್ಟು ಹಿಮ. ಬುಟ್ಟಿ ತುಂಬಿ ಹಗಲ ಬಿಸಿಲಲ್ಲೇ, ಬೀದಿಯ ನಡುವೆಯೇ ಹೊರಟರು. ಹನಿ ತೊಟ್ಟಿಕ್ಕುವ ಬುಟ್ಟಿ ಕಂಡು ಒಂದು ಬಾಗಿಲು ತೆರೆಯಿತು, ಆಮೇಲೆ ಹತ್ತು. ಮೊಣಕಾಲು ನೋವಿನವರೂ ಬಂದರು, ಪುರುಸೊತ್ತಿಲ್ಲದವರೂ ಬಂದರು. ಎಲ್ಲರಿಗಿಂತ ಹಿಂದೆ, ಕಿರೀಟ ಕಂಕುಳಲ್ಲಿಟ್ಟು, ತಲೆಯ ಮೇಲೆ ಬುಟ್ಟಿ ಹೊತ್ತು ರಾಜನೂ ಬಂದ. ಪದ್ಮಲೆ ಅಪ್ಪನಿಗೊಂದು ಚಕ್ಕುಲಿ ಕೊಟ್ಟಳು.

ದಾರಿಯಲ್ಲಿ ಮುಕ್ಕಾಲು ಪಾಲು ಕರಗಿತು. ಉಳಿದದ್ದನ್ನು ನೆತ್ತಿಯ ಕೆಳಗಿನ ಕರಿಬಂಡೆಯ ಮೇಲೆ ಹರಡಿದರೆ ಎರಡು ಮಾರು ಉದ್ದ, ಒಂದು ಗೇಣು ದಪ್ಪ. ಸೂರ್ಯ ಅಂಚಿಗೆ ಬಂದಿದ್ದ. ಬೂದಿಕಂಠ ಬಂದವನೇ ಹೊಟ್ಟೆ ಹಿಡಿದು ನಕ್ಕ.

"ಪಾನಕದ ಹಿಮ. ಎರಡು ಮಾರು. ಇದರ ಮೇಲೆ ಎಳೆದದ್ದೂ ಒಂದು ಗೀಟೇ?"

ಊರಿಗೆ ಊರೇ ಹಲಗೆ ಕಟ್ಟಿ ನಿಂತ ಸಂಪಿಯತ್ತ ತಿರುಗಿತು. ಇಷ್ಟು ಜನರೆದುರು ಸಂಪಿ ಎಂದೂ ಬಾಯಿ ಬಿಟ್ಟವಳಲ್ಲ. ಅವಳು ಹೆಬ್ಬೆರಳು ನೋಡಿಕೊಂಡಳು. ಅದು ಹಲಗೆಯ ಮೇಲಿತ್ತು, ಹಲಗೆ ಬೆಟ್ಟದ ಮೇಲಿತ್ತು. ತಲೆ ಎತ್ತಿದಳು.

"ಇದು ನಾವು ಬಿದ್ದು ಬಿದ್ದು ಕೂಡಿಟ್ಟ ಹಿಮ," ಎಂದಳು. "ಗೀಟು ಎಷ್ಟುದ್ದ ಅಂತ ಬೆಟ್ಟ ಯಾವತ್ತೂ ಕೇಳಿಲ್ಲ. ಕೇಳೋಕೆ ನೀವ್ಯಾರು?"

ಜಾರಿದಳು.

ಎರಡು ಮಾರು, ಅಷ್ಟೆ. ಹಿಮದ ಮೇಲೆ ಎರಡು ಗೀಟು, ನೆಟ್ಟಗೆ, ಪಕ್ಕಪಕ್ಕದಲ್ಲಿ ಮೂಡಿದವು. ಬೆಟ್ಟ ಒಮ್ಮೆ ಮೈ ಕೊಡವಿತು. ಮಾಂತ್ರಿಕನ ದಂಡ ಸೌದೆಯಂತೆ ಲಟಕ್ಕನೆ ಮುರಿಯಿತು. ಅವನು ಬಾಯಿ ತೆರೆದ, ಬೂದಿಯಾದ, ಗಾಳಿಗೆ ಹಾರಿಹೋದ. ಹಿಂದೆಯೇ ಮೋಡ ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬಂತು, ಆ ವರ್ಷದ ಮೊದಲ ಹಿಮ ಎಲ್ಲರ ತಲೆಯ ಮೇಲೂ ಬಿತ್ತು.

ಮರುದಿನ ಹೊಸ ಡಂಗುರ ಬಿತ್ತು: ಹತ್ತಬಲ್ಲವರೆಲ್ಲ ಹತ್ತಬೇಕು. ಊರಿಗೆ ಊರೇ ಹತ್ತಿತು, ಜಾರಿತು. ರಾಜನೂ ಜಾರಿದ, ದುಗ್ಗನಿಗಿಂತ ಮೊದಲು ಬಿದ್ದ. ಪದ್ಮಲೆ ಅಪ್ಪನ ಕೈಗೆ ಬುಟ್ಟಿ ಕೊಟ್ಟಳು.

ತುಂಬೆಗಿರಿಯಲ್ಲಿ ಅಂದಿನಿಂದ ನೀರಿಗೂ ನಗುವಿಗೂ ಕೊರತೆಯಿಲ್ಲ. ಅಲ್ಲಿಯವರು ತಂಪಾಗಿದ್ದಾರೆ, ಕತೆ ಕೇಳಿದ ನೀವೂ ತಂಪಾಗಿರಿ.