ಪೈಲ್ವಾನನ ವ್ರತ

"ಹೇಳ್ರಿ... ನಿಮಗ ನಾ ಬ್ಯಾಡಾದ್ನೇನು? ಬ್ಯಾಡ ಅಂದ್ರ ಬ್ಯಾಡ ಅಂತ ನನ್ನ ಮಾರಿ ನೋಡಿ ಹೇಳ್ರಿ!"

ಪೀಣ್ಯದಲ್ಲಿ ಕಬ್ಬಿಣ ಕಾಸಿ ಬಡಿಯುವ ಒಂದು ಫೋರ್ಜಿಂಗ್ ಕಾರ್ಖಾನೆಯ ಗೇಟಿನ ಮುಂದೆ, ಮಟಮಟ ಮಧ್ಯಾಹ್ನ, ಭುವನೇಶ್ವರಿ ಗಂಡನಿಗೆ ಅಡ್ಡ ನಿಂತಿದ್ದಳು. ಗಾರ್ಮೆಂಟ್ಸ್‌ನಲ್ಲಿ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಊಟಕ್ಕೆ ಹೊರಬಂದ ಕೆಲಸಗಾರರೆಲ್ಲ ಟೀ ಅಂಗಡಿಯ ಹತ್ತಿರ ನಿಂತು ಕಿವಿ ನಿಮಿರಿಸಿದರು.

ಪರಮಾನಂದ ಬೆವರು ಒರೆಸಿಕೊಂಡ. ಬೆಳಿಗ್ಗೆಯಿಂದ ಕುಲುಮೆಯ ಮುಂದೆ ನಿಂತು ಅವನ ಮುಖ ಕೆಂಪಾಗಿತ್ತು. ಆರಡಿ ಆಳು, ಗದಗ ಸೀಮೆಯ ಗರಡಿ ಮನೆಯಲ್ಲಿ ಬೆಳೆದ ಪೈಲ್ವಾನ... ಪಾಪ, ಹೆಂಡತಿಯ ಒಂದು ಪ್ರಶ್ನೆಗೆ ಎರಡು ಹೆಜ್ಜೆ ಹಿಂದೆ ಸರಿದ!

"ಇಲ್ಲಿ ಬ್ಯಾಡ ಭುವನಾ... ಮಂದಿ ನೋಡಾಕತ್ತಾರ."

"ನೋಡ್ಲಿ!"

ಅವಳ ಸಿಟ್ಟಿಗೆ ಕಾರಣವಿತ್ತು. ಮದುವೆಯಾಗಿ ಐದು ವರ್ಷ. ಮಡಿಲು ತುಂಬಿರಲಿಲ್ಲ. ದಾಸರಹಳ್ಳಿಯ ಡಾಕ್ಟರಮ್ಮ ಅವಳ ಎಲ್ಲ ಪರೀಕ್ಷೆ ಮಾಡಿ, "ನಿಮ್ಮಲ್ಲಿ ಏನೂ ತೊಂದರೆ ಕಾಣ್ತಿಲ್ಲಮ್ಮ. ಈಗ ಯಜಮಾನ್ರ ವೀರ್ಯ ಪರೀಕ್ಷೆ ಮಾಡೋಣ. ಅದಕ್ಕೆ ಮುಂಚೆ ಮೂರು-ನಾಲ್ಕು ದಿನ ಇಬ್ರೂ ದೂರ ಇರಿ" ಎಂದಿದ್ದರು.

ಪರಮಾನಂದ ಗಂಭೀರವಾಗಿ ತಲೆಯಾಡಿಸಿದ್ದ. ಮರುದಿನವೇ "ಓವರ್‌ಟೈಮ್ ಐತಿ" ಎಂದು ಹಾಸಿಗೆ ಸುತ್ತಿಕೊಂಡು ಕಾರ್ಖಾನೆಯ ಶೆಡ್ಡು ಸೇರಿದವನು, ಎರಡು ತಿಂಗಳಾದರೂ ಮನೆಯಲ್ಲಿ ಮಲಗಿರಲಿಲ್ಲ! ಪರೀಕ್ಷೆಯ ಮಾತೆತ್ತಿದರೆ, "ತಡಿ, ಇನ್ನೊಂದಿಷ್ಟು ದಿನ ಹೋಗ್ಲಿ" ಎನ್ನುತ್ತಿದ್ದ.

ಅದರ ಮೇಲೆ ನಿನ್ನೆ ಊರಿಂದ ಅತ್ತೆ ಬಸಕ್ಕನ ಫೋನು.

"ನಿನ್ನಿಂದ ಆಗದಿದ್ರ ಹೇಳವಾ. ನನ್ನ ಮಗ ಹುಲಿ ಅದಾನ, ಹುಲಿ! ಬ್ಯಾರೆ ಹೆಣ್ಣು ನೋಡ್ತೀನಿ."

'ಅಂದ್ರ... ಇವರೂ ಒಪ್ಯಾರ. ಅದಕ್ಕ ಮನೀಗೆ ಬರಾಕತ್ತಿಲ್ಲ...'

ರಾತ್ರಿಯಿಡೀ ಅತ್ತಿದ್ದಳು ಭುವನೇಶ್ವರಿ. ಬೆಳಿಗ್ಗೆ ಮುಖ ತೊಳೆದುಕೊಂಡಾಗ ಅಳು ಮುಗಿದಿತ್ತು. ಇವತ್ತು ಒಂದೋ ಗಂಡನನ್ನು ಮನೆಗೆ ಕರೆತರುತ್ತೇನೆ, ಇಲ್ಲ ಅವನ ಬಾಯಿಂದಲೇ 'ಬ್ಯಾಡ' ಅನ್ನಿಸಿಕೊಂಡು ಬರುತ್ತೇನೆ ಎಂದು ಹಟ ಹಿಡಿದೇ ಹೊರಟಿದ್ದಳು.

ಪರಮಾನಂದ ಅವಳನ್ನು ರಸ್ತೆಯಾಚೆಯ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದ. ಅಲ್ಲಿ ಅವಳು ಅತ್ತೆ ಫೋನಿನಲ್ಲಿ ಅಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಬ್ಯಾರೆ ಹೆಣ್ಣಾ? ಅವ್ವ ಹಂಗಂದ್ಲಾ? ನನಗ ಗೊತ್ತಿಲ್ಲ ಭುವನಾ, ನಿನ್ನಾಣಿ!"

"ಮತ್ಯಾಕ ದೂರ ಅದೀರಿ?"

ಅವನು ನೆಲ ನೋಡಿದ.

"ಉಳಿಸಾಕತ್ತೀನಿ..."

"ಏನನ್ನ?"

"ಅದನ್ನ... ಶಕ್ತೀನ."

ಭುವನೇಶ್ವರಿಗೆ ಅರ್ಥವಾಗಲಿಲ್ಲ. ಅವನು ತಡವರಿಸುತ್ತ ಶುರುಮಾಡಿದ.

"ಗರಡ್ಯಾಗ ನಮ್ಮ ಉಸ್ತಾದ ಹೇಳ್ತಿದ್ದ, ಕುಸ್ತಿ ಹತ್ರ ಬಂದಾಗ ವೀರ್ಯ ಹಿಡಿದಿಟ್ಟವನೇ ಗೆಲ್ತಾನ ಅಂತ. ಡಾಕ್ಟರಮ್ಮ ನಾಲ್ಕು ದಿನ ಅಂದ್ರು. ನಾಲ್ಕು ದಿನಕ್ಕ ಬಲ ಬರೂದಾದ್ರ, ನಾಲ್ಕು ತಿಂಗಳಿಗೆ ಎಷ್ಟು ಬರಬಾರ್ದು? ಮನ್ಯಾಗಿದ್ರ... ನಿನ್ನ ನೋಡ್ಕೋತ ವ್ರತ ನಡೆಯಂಗಿಲ್ಲ. ಅದಕ್ಕ ಇಲ್ಲೇ ಮಲಗಾಕತ್ತೀನಿ. ದಿನಾ ಹಾಲು ಬಾದಾಮಿ ಬ್ಯಾರೆ!"

ಗಂಡಸರ ಲೆಕ್ಕವೇ ಹೀಗೆ ನೋಡಿ! ಭುವನೇಶ್ವರಿಗೆ ನಗಬೇಕೋ, ತಲೆಗೊಂದು ಮೊಟಕಬೇಕೋ ತಿಳಿಯಲಿಲ್ಲ.

"ನನಗೊಂದ ಮಾತು ಹೇಳಾಕ ನಿಮಗೇನು ಧಾಡಿ ಆಗಿತ್ತು?"

"ಅಂಜಿಕಿ..." ಅವನ ದನಿ ಒಡೆಯಿತು. "ಅಖಾಡದಾಗ ಬಿದ್ರ ಮಣ್ಣು ಝಾಡಿಸಿ ಏಳಬಹುದು. ಈ ಪರೀಕ್ಷಾದಾಗ ಬಿದ್ರ, ಇವ ಗಂಡಸೇ ಅಲ್ಲ ಅಂತಾರ ಭುವನಾ..."

ಅವಳ ಸಿಟ್ಟೆಲ್ಲ ಕರಗಿ ಕಣ್ಣಿಗೆ ಬಂತು. ಎರಡು ತಿಂಗಳು ಇಬ್ಬರೂ ಬೇರೆ ಬೇರೆ ಕಡೆ ಮಲಗಿ ಒಂದೇ ಭಯದಲ್ಲಿ ನರಳಿದ್ದರು! ಅವಳು ಅವನ ಮುಂಗೈ ಬಿಗಿಯಾಗಿ ಹಿಡಿದಳು.

"ನಡೀರಿ ಡಾಕ್ಟರ್ ಕಡೆ. ಈಗ್ಲೇ!"

ಎಲ್ಲ ಕೇಳಿದ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು.

"ಅಯ್ಯೋ ಪರಮಾನಂದ! ತಿಂಗಳುಗಟ್ಟಲೆ ಕೂಡಿಟ್ರೆ ಬಲ ಬರಲ್ಲ ಕಣಪ್ಪ. ಹಳೇ ವೀರ್ಯಾಣುಗಳ ಓಡಾಟ ಕಡಿಮೆ ಆಗುತ್ತೆ, ಎಷ್ಟೋ ಸತ್ತೇ ಹೋಗುತ್ವೆ. ಮೊದ್ಲು ಮನೆಗೆ ಹೋಗಿ ಸಂಸಾರ ಮಾಡು. ಆಮೇಲೆ ಮೂರು-ನಾಲ್ಕು ದಿನ ಮಾತ್ರ ಬಿಟ್ಟು ಬಾ."

ಪೈಲ್ವಾನ ನಾಚಿಕೆಯಿಂದ ತಿರುಗುವ ಫ್ಯಾನನ್ನೇ ನೋಡಿದ. ಭುವನೇಶ್ವರಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಆದರೆ ಪರೀಕ್ಷೆಯ ಫಲಿತಾಂಶ ಬಂದ ದಿನ ಯಾರಿಗೂ ನಗು ಬರಲಿಲ್ಲ.

"ಸಂಖ್ಯೆ ಕಡಿಮೆ ಇದೆ, ಓಡಾಟಾನೂ ಕಡಿಮೆ" ಎಂದರು ಡಾಕ್ಟರಮ್ಮ. "ಮಗು ಆಗೋದು ಕಷ್ಟ ಆಗಿದೆ, ಆಗೋದೇ ಇಲ್ಲ ಅಂತಲ್ಲ. ಕುಲುಮೆ ಕಾವು, ನೀನು ಹಾಕೋ ಗುಟ್ಕಾ, ಎರಡೂ ಕಾರಣ ಆಗಿರಬಹುದು. ಹೊಸ ವೀರ್ಯಾಣು ತಯಾರಾಗೋಕೆ ಹತ್ತಿರ ಹತ್ತಿರ ಮೂರು ತಿಂಗಳು ಬೇಕು. ಇವತ್ತಿಂದ ಬದಲಾಗು, ಆಮೇಲೆ ಮತ್ತೆ ನೋಡೋಣ. ಆಗಲೂ ಸರಿಹೋಗದಿದ್ರೆ ಚಿಕಿತ್ಸೆ ಇದೆ. ಇನ್ನೊಂದು ಮಾತು, ಇದಕ್ಕೂ ಗಂಡಸ್ತನಕ್ಕೂ ಸಂಬಂಧ ಇಲ್ಲ."

ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಅವನ ಫೋನು ಬಡಿದುಕೊಂಡಿತು. ಬಸಕ್ಕ!

ಭುವನೇಶ್ವರಿ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. 'ಇವರು ಏನಂತಾರೋ... ನನ್ನ ಮ್ಯಾಲೇ ಹಾಕಿಬಿಟ್ರ?'

ಪರಮಾನಂದ ಒಂದು ಕ್ಷಣ ಅವಳನ್ನು ನೋಡಿದ. ಫೋನನ್ನು ಸ್ಪೀಕರಿಗೆ ಹಾಕಿದ.

"ಅವ್ವಾ, ಬ್ಯಾರೆ ಹೆಣ್ಣಿನ ಮಾತು ಇವತ್ತಿಗೆ ಮುಗೀತು. ಭುವನಾಗ ಏನೂ ಆಗಿಲ್ಲ. ಕೊರತಿ ಇರೂದು ನನ್ನೊಳಗ. ಹತ್ತು ಹೆಣ್ಣು ತಂದ್ರೂ ಅದು ನನ್ನೊಳಗೇ ಇರತೈತಿ."

"ಏ... ಮೆಲ್ಲಕ ಮಾತಾಡೋ! ಮಂದಿ ಕೇಳ್ಯಾರು!"

"ಕೇಳ್ಲಿ!"

ಆಟೋಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಅವನು ಲೆಕ್ಕಿಸಲಿಲ್ಲ. ಬಸಕ್ಕ ಸಣ್ಣ ದನಿಯಲ್ಲಿ, "ಆಕಿಗೆ ಫೋನ್ ಕೊಡು..." ಎಂದಳು.

"ಅತ್ತೀ..."

"ತಪ್ಪಾತವಾ, ಭುವನಾ."

ಎಷ್ಟು ವರ್ಷಗಳಿಂದ ಒಬ್ಬಳೇ ಹೊತ್ತಿದ್ದ ಭಾರ! ಭುವನೇಶ್ವರಿ ಮೆಟ್ಟಿಲ ಮೇಲೆಯೇ ಕೂತು ಮನಸಾರೆ ಅತ್ತುಬಿಟ್ಟಳು. ಪರಮಾನಂದ ಪಕ್ಕದಲ್ಲಿ ಕೂತು, ಜೇಬಿನಿಂದ ಗುಟ್ಕಾ ಪೊಟ್ಟಣ ತೆಗೆದು ಕಸದ ಡಬ್ಬಿಗೆ ಎಸೆದ.

"ನಾಳಿಂದ ಕುಲುಮಿ ಬಿಡಿಸಿ ಪ್ಯಾಕಿಂಗ್‌ಗ ಹಾಕ್ರಿ ಅಂತ ಸೂಪರ್‌ವೈಸರ್‌ನ ಕೇಳ್ತೀನಿ. ಒಲ್ಲೆ ಅಂದ್ರ ಪೀಣ್ಯದಾಗ ಕಾರ್ಖಾನಿಗೇನು ಬರಗಾಲ?"

ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

"ಭುವನಾ... ಇಷ್ಟೆಲ್ಲಾ ಮಾಡಿನೂ ಕೂಸು ಆಗಲಿಲ್ಲ ಅಂದ್ರ?"

"ಆಗಲಿಲ್ಲ ಅಂದ್ರೂ ನಿಮ್ಮ ಹಾಸಿಗಿ ನನ್ನ ಮನ್ಯಾಗ ಇರಬೇಕು. ಮತ್ತ ಸುತ್ತಿಕೊಂಡು ಹೊಂಟ್ರಿ ಅಂದ್ರ ಕಾಲು ಮುರೀತೀನಿ!"

"ಪೈಲ್ವಾನನ ಕಾಲಾ? ನನ್ನ ಕೆಡವಿದವ್ರು ಯಾರೂ ಇಲ್ಲ ಗೊತ್ತೇನು ಸೀಮ್ಯಾಗ?"

"ಯಾರೂ ಇಲ್ಲಾ?"

ಅವನು ಅವಳ ಕೈಯನ್ನು ತನ್ನ ಒರಟು ಅಂಗೈಯೊಳಗೆ ಮುಚ್ಚಿಕೊಂಡ.

"ಒಬ್ಬಾಕಿ ಅದಾಳ... ಲಗ್ನದ ದಿನಾನ ಕೆಡವ್ಯಾಳ. ಇನ್ನೂ ಏಳಾಕ ಮನಸ್ಸಾಗವಲ್ದು."