ಬದಲಾಯಿಸದೆ ಬಿಟ್ಟ ಪೈಪು

ಹುಡುಗನ ಕಡೆಯವರು ಹುಡುಗಿಯನ್ನು ನೋಡಿ, ಮೆಚ್ಚಿ, ಹೊರಡಲು ಎದ್ದಿದ್ದರು. ಅಷ್ಟರಲ್ಲಿ ಅವಳಪ್ಪನ ತಮ್ಮ ಬಾಗಿಲಲ್ಲಿ ನಿಂತು ನಗುನಗುತ್ತಲೇ ಅಂದುಬಿಟ್ಟ: "ನಮ್ಮಣ್ಣ ಈಗ ಹಸುವಿನಂಥವನು ಬಿಡಿ. ಕುಡೀತಿದ್ದ ಕಾಲದಲ್ಲಿ ಪೊಲೀಸ್ ಸ್ಟೇಷನ್ನಿಂದ ಬಿಡಿಸ್ಕೊಂಡು ಬಂದವನೇ ನಾನು."

ಚಪ್ಪಲಿ ಮೆಟ್ಟುತ್ತಿದ್ದ ಹುಡುಗನ ತಂದೆ ತಲೆ ಎತ್ತಿ ನೋಡಿದರು. ಆಮೇಲೆ ಆ ಮನೆಯಿಂದ ಫೋನೇ ಬರಲಿಲ್ಲ.

ಅಣ್ಣ ಕುಡಿತ ಬಿಟ್ಟಾಗ ಮಗಳಿಗೆ ಇನ್ನೂ ಮಾತು ಬಂದಿರಲಿಲ್ಲ. ಬಸ್ ಡಿಪೋದ ರಿಪೇರಿ ಶೆಡ್ಡಿನಲ್ಲಿ ಈಗ ಎಲ್ಲರಿಗೂ ಅವನು ಮೇಸ್ತ್ರಿ. ಅವನು ಮುಟ್ಟಿದ ಗಾಡಿಯನ್ನು ಇನ್ನೊಬ್ಬರು ನೋಡುವ ಅಗತ್ಯವಿರಲಿಲ್ಲ. ಆ ಹಳೆಯ ನಾಚಿಕೆ ಮಣ್ಣಾಗಿ ಹೋಯಿತೆಂದೇ ಅವನು ತಿಳಿದಿದ್ದ. ತಮ್ಮ ಅದನ್ನು ಅಗೆದು ತೆಗೆದು ಮಗಳ ಮುಂದಿಟ್ಟ. ಅಂದಿನಿಂದ ಮೇಸ್ತ್ರಿ ಅವಳೆದುರು ಊಟಕ್ಕೆ ಕೂರುವುದನ್ನೇ ಬಿಟ್ಟ.

ಸೇಡಿನ ಅವಕಾಶವನ್ನು ತಮ್ಮನೇ ತಂದುಕೊಟ್ಟ. "ಅಣ್ಣಾ, ನನ್ನ ಕಾರಿನ ಬ್ರೇಕ್ ಪೈಪೆಲ್ಲ ತುಕ್ಕು ಹಿಡಿದಿದೆಯಂತೆ. ಗ್ಯಾರೇಜಿನವರ ಕೈಗೆ ಕೊಡೋಕೆ ಧೈರ್ಯ ಬರಲ್ಲ. ನೀನೇ ಹೊಸದು ಹಾಕಿಕೊಡ್ತೀಯಾ?"

"ಭಾನುವಾರ ಮನೆ ಹತ್ರಾನೇ ತಂದು ನಿಲ್ಸು," ಎಂದ ಮೇಸ್ತ್ರಿ.

ಬ್ರೇಕ್ ಕತ್ತರಿಸುವುದು ದಡ್ಡರ ಕೆಲಸ. ಕತ್ತರಿಸಿದ ಗುರುತು ಉಳಿಯುತ್ತದೆ, ಗುರುತು ಬಾಯಿ ಬಿಡುತ್ತದೆ. ಮೇಸ್ತ್ರಿ ಹೊಸದಾಗಿ ಏನನ್ನೂ ಮಾಡುವವನಲ್ಲ. ಮಾಡಬೇಕಾದ ಒಂದನ್ನು ಮಾಡದೆ ಬಿಡುತ್ತಾನೆ, ಅಷ್ಟೆ. ಮುಂದಿನ ಪೈಪುಗಳೆಲ್ಲ ಹೊಸವು. ಹಿಂದಕ್ಕೆ ಹೋಗುವುದು ಮಾತ್ರ, ತುಕ್ಕು ತಿಂದು ಸಿಪ್ಪೆ ಏಳುತ್ತಿದ್ದುದು, ಇದ್ದಲ್ಲೇ ಇರುತ್ತದೆ. ಅಂಗಳದಲ್ಲಿ ಮೆಲ್ಲಗೆ ತುಳಿದರೆ ತಡೆದೀತು. ತಮ್ಮನ ಮನೆಯ ದಾರಿಯಲ್ಲಿ, ಸೇತುವೆಯಾಚೆಯ ಇಳಿಜಾರಿನಲ್ಲಿ, ಎದುರಿಗೆ ಲಾರಿ ಬಂದಾಗ ತುಳಿದರೆ ತಡೆಯದು. ಯಾರಾದರೂ ಕೇಳಿದರೆ "ಅದು ಗಟ್ಟಿಯಾಗಿಯೇ ಕಂಡಿತ್ತು ಸಾರ್" ಎಂದರೆ ಮುಗಿಯಿತು. ಮಾಡಿದ್ದಕ್ಕೆ ಸಾಕ್ಷಿ ಸಿಗುತ್ತದೆ. ಮಾಡದಿದ್ದಕ್ಕೆ ಎಲ್ಲಿಂದ ತರುತ್ತಾರೆ?

ಕೆಲಸ ಅಂದುಕೊಂಡಂತೆಯೇ ನಡೆಯಿತು. ಕೊನೆಗೆ ಪೈಪಿನೊಳಗಿನ ಗಾಳಿ ತೆಗೆಯಲು ಪೆಡಲ್ ತುಳಿಯುವವರೊಬ್ಬರು ಬೇಕಿತ್ತು. ತಮ್ಮನೇ ಸೀಟಿನಲ್ಲಿ ಕೂತ.

"ತುಳಿ... ಹಿಡ್ಕೊ... ಬಿಡು."

"ಸಾಕಾ ಅಣ್ಣಾ?"

"ನಾನು ಹೇಳೋವರೆಗೂ ಬಿಡಬೇಡ."

"ಇಲ್ಲ, ಬಿಡಲ್ಲ."

ಸೈಕಲ್ ಕಲಿಸುವಾಗಲೂ ಇವನು ಹೀಗೇ ಹೇಳಿದಷ್ಟು ಕೇಳುತ್ತಿದ್ದ. ಕಾರಿನಡಿ ಮಲಗಿದ್ದ ಮೇಸ್ತ್ರಿ ನಟ್ಟನ್ನು ಇನ್ನೊಂದು ಸುತ್ತು ಬಿಗಿದ. ತಮ್ಮನ ಮುಖ ಕಾಣದಿದ್ದುದೇ ಒಳ್ಳೆಯದಾಯಿತು ಎಂದುಕೊಂಡ. ಹೊರಗೆ ಬಂದಾಗ ತಮ್ಮ ಅವನ ಬೆನ್ನಿನ ಮಣ್ಣು ಕೊಡವಿದ. "ನೀನು ಮಾಡಿದ ಮೇಲೆ ಕಣ್ಣುಮುಚ್ಚಿ ಓಡಿಸಬಹುದು ಬಿಡು," ಎಂದ. ಮೇಸ್ತ್ರಿ ಸ್ಪ್ಯಾನರ್ ಒರೆಸಿದ. ಕಾರು ತಿರುವಿನಲ್ಲಿ ಮರೆಯಾಯಿತು.

ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಮಗಳು ಟವೆಲ್ ತಂದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು.

"ಚಿಕ್ಕಪ್ಪನ ಜೊತೆ ರಾಜಿಯಾದ್ರಲ್ಲ, ಈಗ ಹೇಳ್ತೀನಿ. ಬೈಬೇಡಿ ಅಪ್ಪಾ. ಆ ಸಂಬಂಧ ನನಗೆ ಒಂಚೂರೂ ಇಷ್ಟ ಇರಲಿಲ್ಲ. ನೀವು ಅಷ್ಟು ಖುಷಿಯಾಗಿದ್ರಿ, ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಹೇಗಾದರೂ ತಪ್ಪಿಸಿ ಅಂತ ಚಿಕ್ಕಪ್ಪನ ಕಾಲು ಹಿಡಿದವಳು ನಾನೇ. ಅಂಥ ಮಾತು ಆಡ್ತಾರೆ ಅಂತ ನನಗೂ ಗೊತ್ತಿರಲಿಲ್ಲ. ಆಮೇಲೆ ನನ್ನ ಹತ್ರ ಬಂದು ಅತ್ತುಬಿಟ್ರು."

ಸೋಪಿನ ನೊರೆ ಕೈಯಲ್ಲೇ ಉಳಿಯಿತು. ಮೇಸ್ತ್ರಿ ಫೋನಿಗಾಗಿ ಒಳಗೆ ಓಡಿದ. ಜಾರುವ ಬೆರಳಲ್ಲಿ ಎರಡು ಸಲ ನಂಬರು ತಪ್ಪಿ, ಆಮೇಲೆ ರಿಂಗಾಯಿತು. ಆ ಕಡೆ ಎತ್ತಿದ ಸದ್ದು ಕೇಳಿದ್ದೇ ತಡ, ಹಲೋ ಅನ್ನಲೂ ಬಿಡದೆ ಒದರಿದ: "ನಿಲ್ಸೋ! ಸೇತುವೆ ದಾಟಬೇಡ. ಬ್ರೇಕ್ ಜೋರಾಗಿ ತುಳೀಬೇಡ, ಗೇರ್ ಇಳಿಸಿ ಹ್ಯಾಂಡ್‌ಬ್ರೇಕ್ ಎಳೆ. ಹಿಂದಿನ ಪೈಪು ನಾನು ಹಾಕಲಿಲ್ಲ ಕಣೋ. ಬೇಕಂತಲೇ ಬಿಟ್ಟೆ. ನೀನು ಹಾಳಾಗಿ ಹೋಗ್ಲಿ ಅಂತ ಬಿಟ್ಟೆ!"

ಎಂಜಿನ್ ಗುರುಗುಟ್ಟಿ, ಹ್ಯಾಂಡ್‌ಬ್ರೇಕ್ ಕಿರ್ರೆಂದು, ಕಾರು ನಿಂತದ್ದು ಫೋನಿನಲ್ಲಿ ಕೇಳಿಸಿತು. ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿಕೊಂಡ. ಬದುಕಿದ, ತಮ್ಮನೊಬ್ಬನಿಗೆ ತಾನೆ ಗೊತ್ತಾದದ್ದು, ಅವನ ಕಾಲು ಹಿಡಿದರಾಯಿತು ಎಂದುಕೊಂಡ. ಆ ಕಾರನ್ನು ಅಡಿಯಿಂದ ಅಂಗುಲ ಅಂಗುಲವೂ ಬಲ್ಲವನು, ಅದರೊಳಗೆ ಕೂತು ಒಂದು ದಿನವೂ ಹೋಗಿರಲಿಲ್ಲ. ಓಡಿಸುವಾಗ ಫೋನ್ ಬಂದರೆ ತಮ್ಮ ಅದನ್ನು ಕಿವಿಗೆ ಹಿಡಿಯುವುದಿಲ್ಲ, ಮಾತು ಕಾರಿನ ಸ್ಪೀಕರಿನಲ್ಲೇ ಮೊಳಗುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಈಗ ಫೋನಿನಲ್ಲಿ ಕೇಳಿದ ದನಿ ತಮ್ಮನದಲ್ಲ. ಇದೇ ರಸ್ತೆಯ ಕೊನೆಯ ಅಕ್ಕನ ಮನೆಯಲ್ಲಿದ್ದು, ಈಗಷ್ಟೇ ಕಾರು ಹತ್ತಿ ಕಿರಿಮಗನ ಪಕ್ಕ ಕೂತಿದ್ದ ಅಮ್ಮನದು. "ಬೇಕಂತಲೇ ಅಂದ್ಯಾ, ಮಗಾ?"