ಕಟ್ಟಿಟ್ಟು ಅಳಿಸಿದ ಫೋಲ್ಡರ್

ಸೋಮವಾರ ಬೆಳಗ್ಗೆ ಹತ್ತೂಕಾಲಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಆಕೆಯ ತಂದೆಗೆ ಎಡ ಮೂತ್ರಪಿಂಡದಲ್ಲಿ ಗಡ್ಡೆ. ಆಸ್ಪತ್ರೆಯವರು ಕೊಯ್ದು ತೆಗೆದದ್ದು ಬಲಗಡೆಯದನ್ನು.

"ಬೇರೆ ಕಡೆ ತೋರಿಸಿದಾಗ ಗೊತ್ತಾಯ್ತು ಸರ್. ಕೇಳಿದ್ರೆ, ಸ್ಕ್ಯಾನಿನಲ್ಲೇ ಬಲಗಡೆ ಅಂತ ಗುರುತಿತ್ತು ಅಂತಾರೆ ಡಾಕ್ಟ್ರು. ಫಿಲ್ಮು, ವರದಿ ಎರಡೂ ಆಸ್ಪತ್ರೇಲಿ ಕಳೆದುಹೋಗಿವೆಯಂತೆ. ಶನಿವಾರ ಸ್ಕ್ಯಾನ್ ಸೆಂಟರಿಗೆ ಹೋಗಿ ನಕಲು ಕೇಳಿದೆ, ಸೋಮವಾರ ಬನ್ನಿ ಅಂದ್ರು. ಇವತ್ತು ಬಾಗಿಲು ತೆಗೆಯೋ ಮೊದಲೇ ಹೋಗಿ ಕೂತೆ. ಅಪ್ಪನ ಫೋಲ್ಡರೇ ಇಲ್ವಂತೆ!"

"ಬೇರೆಯವರದ್ದು?"

"ಎಲ್ಲರದ್ದೂ ಇದೆ. ಅಪ್ಪನದ್ದು ಮಾತ್ರ ಇಲ್ಲ."

ಇನ್ಸ್‌ಪೆಕ್ಟರ್ ರೈಟರ್ ಕಡೆ ನೋಡಿದರು. ಸಾಕ್ಷ್ಯ ನಾಶದ ಎಫ್‌ಐಆರ್ ದಾಖಲಾಯಿತು.

ಸ್ಕ್ಯಾನ್ ಸೆಂಟರ್ ಇದ್ದದ್ದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಆ ಸ್ಕ್ಯಾನ್ ತೆಗೆದ ಟೆಕ್ನೀಷಿಯನ್ ಯುವತಿಯನ್ನು ಮೊದಲು ಕರೆಸಿದರು.

"ಎಡ ಬಲ ಗುರುತು ಹಾಕೋದು ಯಾರು?"

"ನಾನೇ ಸರ್."

"ತಪ್ಪಾಗಿರಬಹುದಾ?"

"ಇಲ್ಲ. ಚಿತ್ರ ನೋಡಿದ್ರೆ ನಿಮಗೇ ಗೊತ್ತಾಗತ್ತೆ."

"ಚಿತ್ರ ಎಲ್ಲಿದೆ?"

ಅವಳು ಕಂಪ್ಯೂಟರಿನ ಪಟ್ಟಿ ತೆರೆದು ತೋರಿಸಿದಳು, ಆ ಹೆಸರಿರಲಿಲ್ಲ. ಸೆಂಟರಿನಲ್ಲಿ ಎಲ್ಲರಿಗೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್. ಯಾರು ಬೇಕಾದರೂ ಅಳಿಸಬಹುದಿತ್ತು. ಆದರೆ ಅಳಿಸಿ ಪಾರಾಗಬೇಕಾದವಳು ಅಲ್ಲಿ ಅವಳೊಬ್ಬಳೇ. ಮ್ಯಾನೇಜರ್ ಆಗಲೇ ಅವಳಿಂದ ಎರಡು ಹೆಜ್ಜೆ ದೂರ ಸರಿದು ನಿಂತಿದ್ದರು. ಇಂಥ ಹೊತ್ತಿನಲ್ಲಿ ಜನಕ್ಕೆ ದೂರ ಸರಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅವಳ ಪಕ್ಕದಲ್ಲೇ ಉಳಿದವನು ಒಬ್ಬನೇ. ಅವಳ ಒಡಹುಟ್ಟಿದ ಅಣ್ಣ. ಸೆಂಟರಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನಾದ್ದರಿಂದ ಎಲ್ಲರ ಬಾಯಲ್ಲೂ ಸಿಸ್ಟಮ್ ಅಣ್ಣ.

"ಸರ್ವರ್ ಕೋಣೆ ಕೀಲಿ?" ಇನ್ಸ್‌ಪೆಕ್ಟರ್ ಕೇಳಿದರು.

"ಒಂದೇ ಕೀಲಿ ಸರ್, ನನ್ನ ಸೊಂಟದಲ್ಲೇ ಇರತ್ತೆ. ಇನ್ನೊಬ್ರು ಕಾಲಿಡೋ ಹಾಗಿಲ್ಲ." ದನಿಯಲ್ಲಿ ಹೆಮ್ಮೆಯಿತ್ತು.

"ನೀವು ಯಾವಾಗ ಹೋಗಿದ್ರಿ?"

"ಹೋದ ವಾರ, ಧೂಳು ಹೊಡೆಯೋಕೆ. ಶನಿವಾರವಂತೂ ಆ ಕಡೆ ತಲೆ ಹಾಕಿಲ್ಲ."

ಶನಿವಾರದ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇನ್ಸ್‌ಪೆಕ್ಟರ್ ಕೆಳಗಿನ ಔಷಧಿ ಅಂಗಡಿಯವನನ್ನೂ ಎದುರಿನ ದರ್ಜಿಯನ್ನೂ ಪಂಚ ಸಾಕ್ಷಿಗಳಾಗಿ ಕರೆಸಿ, ಬೀಗ ತೆಗೆಸಿದರು.

ಕೋಣೆ ತಣ್ಣಗಿತ್ತು. ಪರದೆ ಆರಿತ್ತು. ಜೊತೆಗೆ ಬಂದಿದ್ದ ಸೈಬರ್ ವಿಭಾಗದ ಪೇದೆ ಮುಂದೆ ಬಂದಳು. ಕೀಬೋರ್ಡ್ ಬಡಿಯುವ ರಭಸಕ್ಕೆ ಠಾಣೆಯಲ್ಲಿ ಅವಳಿಗೆ ಟಕಟಕ ಎಂದೇ ಹೆಸರು. ಗುಂಡಿ ಒತ್ತಿದ್ದೇ ತಡ ಪರದೆ ಬೆಳಗಿತು. ಯಾರೋ ಲಾಗಿನ್ ಆದವರು ಹೊರಬರದೆ ಬರೀ ಪರದೆ ಆರಿಸಿ ಹೋಗಿದ್ದರು. ಅವಳು ಯಂತ್ರದಲ್ಲಿ ನಡೆಯುತ್ತಿರುವ ಪ್ರೊಸೆಸ್‌ಗಳ ಸಾಲನ್ನೆಲ್ಲ ತೆರೆದಳು.

"ಸರ್, ಇಲ್ಲೊಂದು ಅರ್ಧಕ್ಕೆ ನಿಂತಿದೆ. ಯಾವುದೋ ಫೈಲನ್ನ ಕುಗ್ಗಿಸ್ತಾ ಇತ್ತು, ಮಧ್ಯದಲ್ಲಿ ತಡೆದಿದಾರೆ. ಸತ್ತಿಲ್ಲ, ಮಲಗಿದೆ ಅಷ್ಟೆ. ಶುರುವಾಗಿದ್ದು ಶನಿವಾರ ಸಂಜೆ."

"ಅದು ಯಾವುದೋ ಹಳೇ ಕಸ ಮೇಡಂ," ಹಿಂದಿನಿಂದ ಸಿಸ್ಟಮ್ ಅಣ್ಣನ ದನಿ. "ಕಿಲ್ ಕೊಟ್ಬಿಡಿ. ನಾನೇ ಕೊಡ್ಲಾ?"

"ಕೊಲ್ಲೋದಕ್ಕೇನು ಅವಸರ? ಮೊದಲು ಇವನ್ಯಾರು, ಏನಿಟ್ಕೊಂಡಿದಾನೆ ಅಂತ ವಿಚಾರಿಸೋಣ," ಎಂದಳು ಟಕಟಕ.

"ಯಾವ ಕಂಪ್ಯೂಟರಿಂದ ಶುರು ಮಾಡಿದ್ದು?" ಇನ್ಸ್‌ಪೆಕ್ಟರ್ ಕೇಳಿದರು.

"ಹೊರಗಿನ ಮೇಜುಗಳಿಂದ ಅಲ್ಲ ಸರ್. ಇದೇ ಕೀಬೋರ್ಡಿಂದ."

ಎಲ್ಲರ ಕಣ್ಣೂ ಸಿಸ್ಟಮ್ ಅಣ್ಣನ ಸೊಂಟದ ಆ ಒಂದೇ ಕೀಲಿಯ ಮೇಲೆ ಹೋಯಿತು.

ಆ ಪ್ರೊಸೆಸ್ ಹಿಡಿದಿಟ್ಟುಕೊಂಡಿದ್ದ ಫೈಲಿನ ಹೆಸರು ಚುಕ್ಕಿಯಿಂದ ಶುರುವಾಗಿತ್ತು. ಹಾಗೆ ಹೆಸರಿಟ್ಟ ಫೈಲು ಪಟ್ಟಿಯಲ್ಲಿ ಅಡಗಿರುತ್ತದೆ, ಸುಮ್ಮನೆ ಹುಡುಕಿದವರ ಕಣ್ಣಿಗೆ ಬೀಳುವಂಥದ್ದಲ್ಲ. ಟಕಟಕ ಅದನ್ನು ಬಿಚ್ಚದೆಯೇ ಒಳಗೇನಿದೆ ಎಂದು ಪರದೆಗೆ ತರಿಸಿದಳು. ದೂರುದಾರಳ ತಂದೆಯ ಹೆಸರಿನ ಇಡೀ ಫೋಲ್ಡರ್ ಒಂದೇ ಮೂಟೆಯಾಗಿ ಅದರಲ್ಲಿತ್ತು. ಪಂಚನಾಮೆಗೆ ಸಹಿ ಬಿತ್ತು.

ಇನ್ಸ್‌ಪೆಕ್ಟರ್ ಈಗ ಬಹುವಚನ ಬಿಟ್ಟರು. "ಅಳಿಸೋಕೆ ಹೊರಟವನು ಮೂಟೆ ಯಾಕೆ ಕಟ್ಟಿದೆ?"

ಸಿಸ್ಟಮ್ ಅಣ್ಣ ಸೊಂಟದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟ. "ಟಾರ್ ಮಾಡಿ, ಅಂದ್ರೆ ಎಲ್ಲ ಫೈಲನ್ನೂ ಒಂದೇ ಮೂಟೆಯಾಗಿ ಕಟ್ಟಿಡದೆ ನಾನು ಯಾವತ್ತೂ ಏನೂ ಅಳಿಸಿಲ್ಲ ಸರ್. ಅವತ್ತೂ ಕೈ ಬರ್ಲಿಲ್ಲ. ಫೋಲ್ಡರ್ ಅಳಿಸ್ದೆ, ಮೂಟೆ ಕುಗ್ಗಿಸಿ ಮನೆಗೆ ಒಯ್ಯೋಣ ಅಂತಿದ್ದೆ. ಅಷ್ಟರಲ್ಲಿ ಮ್ಯಾನೇಜರ್ ಬಾಗಿಲು ಬಡಿದ್ರು. ಅದನ್ನ ಅಲ್ಲೇ ತಡೆದು ಹೊರಗೆ ಬಂದೆ. ನಿನ್ನೆ ರಜೆ. ಇವತ್ತು ಮುಗಿಸೋಣ ಅಂದ್ರೆ ದೂರು ಕೊಟ್ಟ ಆಯಮ್ಮ ಬಾಗಿಲಲ್ಲೇ ಕೂತಿದ್ರು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವರ ಪಾಡೇ ಇಷ್ಟು.

"ಯಾರಿಗೋಸ್ಕರ?"

ಅವನು ಬಾಗಿಲತ್ತ ನೋಡಿದ. ಅಲ್ಲಿ ತಂಗಿ ನಿಂತಿದ್ದಳು. "ಅಪ್ಪ ಅಮ್ಮ ಇಲ್ಲ ಸರ್. ನಾನೇ ಸಾಕಿ, ಓದಿಸಿದ್ದು. ಸ್ಕ್ಯಾನಲ್ಲೇ ತಪ್ಪಿತ್ತಂತೆ ಅಂತ ಶನಿವಾರ ಆಯಮ್ಮ ಹೇಳಿದ್ದು ಕೇಳಿಸ್ಕೊಂಡೆ. ಒಂದು ಗುರುತು ತಪ್ಪಿದ್ದಕ್ಕೆ ಜೈಲಿಗೆ ಹೋಗ್ತಾಳಲ್ಲ ಅಂತ…"

"ಗುರುತು ತಪ್ಪಿತ್ತು ಅಂತ ಚಿತ್ರ ತೆಗೆದು ನೋಡಿದ್ಯಾ?"

"ಇಲ್ಲ. ನೋಡೋಕೆ ಧೈರ್ಯ ಬರ್ಲಿಲ್ಲ."

ಟಕಟಕ ಮೂಟೆಯ ನಕಲು ತೆಗೆದು, ನಕಲನ್ನು ಬಿಚ್ಚಿದಳು. ಸೆಂಟರಿನ ರೇಡಿಯಾಲಜಿಸ್ಟ್ ಬಂದು ಕನ್ನಡಕ ಏರಿಸಿ ನೋಡಿದರು. ಗಡ್ಡೆ ಎಡಗಡೆ ಇತ್ತು. ಚಿತ್ರದ ಮೇಲಿನ ಗುರುತೂ ಎಡವೇ. ಜೊತೆಗಿದ್ದ ವರದಿಯಲ್ಲೂ ಎಡ ಎಂದೇ ಬರೆದಿತ್ತು. ಹುಡುಗಿ ತಪ್ಪೇ ಮಾಡಿರಲಿಲ್ಲ. ಅವಳನ್ನು ಕಾಯಬಹುದಾಗಿದ್ದ ಒಂದೇ ಸಾಕ್ಷಿಯನ್ನು ಅಳಿಸಲು ಹೊರಟವನು ಅವಳ ಅಣ್ಣನೇ.

ಸಂಜೆ ಐದಕ್ಕೆ ಬಂಧನ. ಮೆಟ್ಟಿಲಿಳಿಯುವಾಗ ತಂಗಿ ಅಡ್ಡ ಬಂದಳು. ಅಳುತ್ತಿರಲಿಲ್ಲ, ಅವಳಿಗೆ ಸಿಟ್ಟು ಬಂದಿತ್ತು.

"ನಿನ್ನೆ ಇಡೀ ದಿನ ಒಂದೇ ಮನೇಲಿ ಇದ್ವಲ್ಲ ಅಣ್ಣಾ. ಒಟ್ಟಿಗೇ ಊಟ ಮಾಡಿದ್ವಲ್ಲ. ಒಂದು ಮಾತು ನನ್ನ ಕೇಳಬಾರದಿತ್ತಾ?"

ಅವನನ್ನು ಜೀಪಿಗೆ ಹತ್ತಿಸಿದರು. ಜೀಪು ಹೊರಟಿತು.

ಮರುದಿನ ಆಸ್ಪತ್ರೆಯ ಡಾಕ್ಟರನ್ನು ವಿಚಾರಣೆಗೆ ಕರೆಯಲು ನೋಟಿಸ್ ಸಿದ್ಧವಾಯಿತು. ಅದಕ್ಕೆ ಸಹಿ ಹಾಕಿದ ಮೇಲೆ ಇನ್ಸ್‌ಪೆಕ್ಟರ್ ಕೇಸ್ ಡೈರಿ ಎಳೆದುಕೊಂಡು, ಕೃತ್ಯಕ್ಕೆ ಪ್ರೇರಣೆ ಎಂಬಲ್ಲಿ 'ತಂಗಿಯ ಮೇಲಿನ ಪ್ರೀತಿ' ಎಂದು ಬರೆದರು. ಪೆನ್ನಿಗೆ ಮುಚ್ಚಳ ಹಾಕಿ, ಮತ್ತೆ ತೆಗೆದು, ಅದರ ಮುಂದೆ 'ಮತ್ತು ತಂಗಿಯ ಮೇಲಿನ ಅನುಮಾನ' ಎಂದು ಸೇರಿಸಿದರು.